ಕುಂಕುಮ ಇಟ್ಟ ಕಪ್ಪೆ

ನನ್ನ ಹತ್ತಿರ ಎಷ್ಟು ಕಪ್ಪೆಗಳಿವೆ ಎನ್ನುವುದು ಮೊನ್ನೆಮೊನ್ನೆಯವರೆಗೂ ನನ್ನ ಹೆಂಡತಿ ರತ್ನಳಿಗೆ ಗೊತ್ತಿರಲಿಲ್ಲ. ಅವು ವಟಗುಟ್ಟುವ ಜಾತಿಯವಲ್ಲವಾದ್ದರಿಂದ ಗುಟ್ಟು ಅಷ್ಟು ಕಾಲ ಉಳಿದಿತ್ತು. ಎಲ್ಲವೂ ರಬ್ಬರಿನವು. ಹೊಟ್ಟೆ ಟೊಳ್ಳು, ಕಣ್ಣು ಮಣಿ, ಹಿಂಗಾಲಿನ ಜಾಗದಲ್ಲಿ ಎರಡು ಕುಚ್ಚು, ಬೆನ್ನಿಗೆ ಒತ್ತಿಕೊಂಡು ಅಡಗಿ ಕೂತ ಎರಡು ಕೊಕ್ಕೆ. ಗಾಳ ಹಾಕುವವರ ಮಾತಿನಲ್ಲಿ ಇಂಥವಕ್ಕೆಲ್ಲ ಲೂರ್ ಎಂದು ಹೆಸರು. ಎರೆಹುಳು ಚುಚ್ಚಿ ನೀರಿಗೆ ಬಿಡುವುದೆಂದರೆ ಮೀನಿಗೆ ನಿಜವಾದ ತಿಂಡಿ ತೋರಿಸಿ ಮೋಸ ಮಾಡುವುದು. ಲೂರ್ ಎಂದರೆ ತಿಂಡಿಯನ್ನೂ ಕೊಡದೆ ಮೋಸ ಮಾಡುವುದು. ನಗಬೇಡಿ, ಎರಡನೆಯದರಲ್ಲಿ ಕಸುಬಿದೆ.

ಕಸುಬು ಎಂದರೆ ಏನು ಎಂದು ನಾನು ಸ್ವಲ್ಪ ಬಲ್ಲೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಅದನ್ನೇನೂ ತಲೆ ತಗ್ಗಿಸಿ ಹೇಳುತ್ತಿಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಯಂತ್ರದ ಕೆಳಗಿನ ಕಬ್ಬಿಣದ ಸುರುಳಿ ಗುಡಿಸುತ್ತಾ ಶುರು ಮಾಡಿದವನಿಗೆ ಈಗ ಕಾಮಾಕ್ಷಿಪಾಳ್ಯದಲ್ಲಿ ಸ್ವಂತ ಶೆಡ್ಡು, ಸ್ವಂತ ಲೇತು, ಬೋರ್ಡಿನ ಮೇಲೆ ಸ್ವಂತ ಹೆಸರು. ಲೇತಿನ ಮುಂದೆ ನಿಂತವನಿಗೆ ಮೊದಲು ಕಲಿಸುವುದು ಒಂದೇ ಪಾಠ: ಹಿತ್ತಾಳೆಗೆ ಒಂದು ಟೂಲು, ಅಲ್ಯೂಮಿನಿಯಂಗೆ ಇನ್ನೊಂದು, ಕಬ್ಬಿಣಕ್ಕೆ ಮತ್ತೊಂದು. ತಪ್ಪು ಟೂಲು ಹಾಕಿದರೆ ಲೇತು ಕಿರುಚಿ ಹೇಳುತ್ತದೆ. ಕೆರೆ ಮಾತ್ರ ಕಿರುಚುವುದಿಲ್ಲ. ತಪ್ಪು ಲೂರ್ ಹಾಕಿದವನನ್ನು ಅದು ಸುಮ್ಮನೆ ನೋಡುತ್ತಾ ಮಲಗಿರುತ್ತದೆ. ಅದಕ್ಕೇ ನನಗೆ ಕೆರೆಯ ಮೇಲೆ ಅಷ್ಟು ಹಟ.

ಈ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಒಂದು ಭಾನುವಾರ ಲೇತಿನಲ್ಲಿ ತೂತು ಅಗಲಿಸುವ ಬೋರಿಂಗ್ ಟೂಲಿನ ವಿಡಿಯೋ ಹುಡುಕುತ್ತಿದ್ದಾಗ ಅದು ಹೇಗೋ ಏನೋ ಅಮೆರಿಕದ ಕೆರೆಯೊಂದಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿತು. ಟೋಪಿ ಹಾಕಿದ ದಪ್ಪ ಮನುಷ್ಯನೊಬ್ಬ ಬಾಸ್ ಎಂಬ ಮೀನನ್ನು ಹಿಡಿಯುತ್ತಿದ್ದ. ಅವನ ಇಂಗ್ಲಿಷ್ ನನಗೆ ಅರ್ಥವಾಗಲಿಲ್ಲ, ಅರ್ಥವಾಗುವ ಅಗತ್ಯವೂ ಇರಲಿಲ್ಲ. ಅವನು ಡಬ್ಬಿ ತೆಗೆದ. ಆಕಾಶ ನೋಡಿದ. ನೀರು ನೋಡಿದ. ಡಬ್ಬಿಯ ಮೇಲೆ ಬೆರಳಾಡಿಸಿ ಒಂದನ್ನು ಎತ್ತಿಕೊಂಡ. ಅಯ್ಯೋ, ಇದು ನನ್ನ ಟೂಲ್ ಬೀರು ಅಲ್ಲವೇ, ಇವನು ನನ್ನ ಹಾಗೇ ಟೂಲು ಆರಿಸುತ್ತಿದ್ದಾನಲ್ಲ ಎಂದು ಮೈ ಜುಮ್ಮೆಂದಿತು! ಅಂದಿನಿಂದ ಊಟದ ಡಬ್ಬಿಯ ಪಕ್ಕ ಮೊಬೈಲು, ಮೊಬೈಲಿನಲ್ಲಿ ಬಾಸು.

ನಮ್ಮ ಕಡೆಯ ಕೆರೆಗಳಲ್ಲಿ ಬಾಸ್ ಇಲ್ಲ. ನಮಗಿರುವುದು ಕೊರವ. ಹಾವಿನಂಥ ತಲೆ, ಮುಂದೋಳಿನಂಥ ಮೈ, ಪೊಲೀಸ್ ಜೀಪಿನಂಥ ಸಿಟ್ಟು. ಜೊಂಡಿನ ನೆರಳಲ್ಲಿ ಅಲುಗದೆ ನಿಂತು, ಮೇಲೆ ಏನಾದರೂ ಈಜಿದರೆ ಬಾಂಬು ಸಿಡಿದ ಹಾಗೆ ಎದ್ದು ನುಂಗುತ್ತದೆ. ಅಮೆರಿಕದವನಿಗೆ ಬಾಸ್ ಹೇಗೋ ನಮಗೆ ಇದು ಹಾಗೆ. ಹಸಿವಿನ ವಿಷಯದಲ್ಲಿ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ ಎಂದು ತೀರ್ಮಾನಿಸಿ ನಾನು ಡಬ್ಬಿ ತುಂಬಲು ಶುರು ಮಾಡಿದೆ.

ಆಹಾ, ಆ ಆರಿಸುವ ಸುಖ! ಅದರ ಮುಂದೆ ಹಿಡಿಯುವ ಸುಖವೂ ಸಪ್ಪೆ. ನೀರು ತಿಳಿಯಾಗಿದ್ದರೆ ಮೀನಿನ ಕಣ್ಣು ಚುರುಕು. ಆಗ ಕೆರೆಯ ಕಪ್ಪೆಯದೇ ಮಾಸಲು ಹಸಿರು, ಸಣ್ಣ ಗಾತ್ರ, ಸದ್ದಿಲ್ಲದ ನಡಿಗೆ. ನೀರು ಕದಡಿದ್ದರೆ ಕಪ್ಪು ಬಣ್ಣ, ಏಕೆಂದರೆ ಕೆಳಗಿನಿಂದ ಮೇಲೆ ನೋಡುವವನಿಗೆ ಆಕಾಶದ ಬೆಳಕಿಗೆ ಅಡ್ಡ ಬಂದ ಕಪ್ಪು ನೆರಳೇ ಎದ್ದು ಕಾಣುವುದು. ಹೊಟ್ಟೆಯೊಳಗೆ ಗಿಲಕಿ ಇದ್ದರೆ ಇನ್ನೂ ಒಳ್ಳೆಯದು. ಎಲೆ, ಜೊಂಡು ಇದ್ದ ಕಡೆ ಟೊಳ್ಳು ಕಪ್ಪೆ ಬಿಟ್ಟು ಬೇರೆ ಮಾತೇ ಇಲ್ಲ, ಕೊಕ್ಕೆ ಅಡಗಿರುವುದರಿಂದ ಅದು ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರುತ್ತದೆ. ಎದುರು ಗಾಳಿ ಬೀಸುವಾಗ ತಗಡಿನ ಚಮಚ, ಅಂದರೆ ಚಮಚದ ಆಕಾರದ ಭಾರದ ಲೂರ್. ಮಟಮಟ ಮಧ್ಯಾಹ್ನ ಮೀನು ಆಳಕ್ಕಿಳಿದಾಗ ಮುಳುಗುವ ರಬ್ಬರ್ ಮೀನು. ಇಷ್ಟೆಲ್ಲ ಬಾಯಿಪಾಠವಾದ ಮೇಲೆ ಹಲ್ಲುಜ್ಜುವಾಗಲೂ ಕಿಟಕಿಯಿಂದ ಮೋಡ ನೋಡಿ, ‘ಇವತ್ತು ಕಂದು’ ಎಂದುಕೊಳ್ಳುವ ಸ್ಥಿತಿಗೆ ಬಂದೆ. ವಿಜಯನಗರದ ಸೀರೆ ಅಂಗಡಿಯಲ್ಲಿ ರತ್ನ ಒಂದೇ ನೀಲಿಯ ಐದಾರು ಸೀರೆ ಹರಡಿಸಿ ಕೂತಾಗ ಹೊರಗೆ ನಿಂತು ಗೊಣಗುತ್ತಿದ್ದವನು ನಾನೇ. ಈಗ ಪಕ್ಕದಲ್ಲಿ ಕೂತು, “ಈ ನೀಲಿ ಬಿಸಿಲಿಗೆ ಸರಿ, ಮೋಡಕ್ಕೆ ಆ ನೀಲಿ” ಎನ್ನುತ್ತೇನೆ. ಅವಳು ಮದುವೆಯಾದಾಗಿನಿಂದ ಕಾಣದ ಗಂಡನನ್ನು ಕಂಡ ಹಾಗೆ ನೋಡುತ್ತಾಳೆ.

ಸ್ವಂತಕ್ಕೆ ಒಂದು ಲೂರ್ ಮಾಡಿದ್ದೂ ಉಂಟು. ಹಿತ್ತಾಳೆಯನ್ನು ಲೇತಿಗೆ ಕೊಟ್ಟು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ತಿರುಗಿಸಿ, ಮುಖ ಕಾಣುವಷ್ಟು ಪಾಲಿಶ್ ಹೊಡೆದೆ. ಕೆರೆಗೆ ಎಸೆದೆ. ಅದು ಬಿದ್ದ ಸದ್ದಿಗೆ ಆಚೆ ದಡದ ಕೊಕ್ಕರೆಗಳು ಎದ್ದುಹೋದವು. ಮೀನಿನ ಸುದ್ದಿ ನನಗೆ ತಿಳಿಯದು. ಆ ಲೂರ್ ಈಗ ನಮ್ಮ ಮನೆಯ ಬೀಗದ ಕೈ ಗೊಂಚಲಿನಲ್ಲಿದೆ.

ಇಷ್ಟರಲ್ಲಿ ಮಗಳು ಸುಮಾಳ ನಿಶ್ಚಿತಾರ್ಥವಾಯಿತು. ಹುಡುಗನ ತಂದೆ ನಂಜಪ್ಪನವರು ಬಿನ್ನಿಪೇಟೆಯವರು, ಮೈಸೂರು ರಸ್ತೆಯಲ್ಲಿ ವರ್ಷಗಟ್ಟಲೆ ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಬಹಳ ನಿಧಾನದ ಮನುಷ್ಯ. ಅವರ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ಸಿಗ್ನಲ್ ಬಿದ್ದು ಹಸಿರಾಗುತ್ತದೆ. ನಾನೋ, ಹಳದಿ ದೀಪಕ್ಕೇ ಗಾಡಿ ನುಗ್ಗಿಸುವವನು. ಅವರ ಮನೆಯಲ್ಲಿ ಮೀನು ಸಾರಿನ ಊಟಕ್ಕೆ ಕೂತಿದ್ದಾಗ ಅವರು, “ಏನೇ ಹೇಳಿ ಬೀಗ್ರೇ... ಮೀನು ಅಂದ್ರೆ ಕೊರವ” ಎಂದರು. ನನ್ನ ನಾಲಿಗೆ ಮೊದಲೇ ತುದಿಗಾಲಲ್ಲಿ ನಿಂತಿತ್ತು.

“ದಸರಾ ಕಳೆದ ಭಾನುವಾರ ನಮ್ಮನೇಗೆ ಊಟಕ್ಕೆ ಬನ್ನಿ ಬೀಗ್ರೇ. ಕೊರವ ಹಾಕಿಸ್ತೀನಿ. ಮಾರ್ಕೆಟ್ಟಿಂದಲ್ಲ, ನಾನೇ ಹಿಡಿದದ್ದು.”

“ಓಹೋ. ಯಾವ್ದಕ್ ಹಿಡೀತೀರಾ, ಎರೆಹುಳಕ್ಕಾ?”

“ರಬ್ಬರ್ ಕಪ್ಪೆಗೆ.”

ಸಿಗ್ನಲ್ ಬಿತ್ತು. ಅವರು ಒಂದು ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟರು. “ರಬ್ಬರ್‌ನ... ಮೀನು ತಿನ್ನುತ್ತಾ?”

“ತಿನ್ನೋ ಹಾಗೆ ಆರಿಸ್ಬೇಕು ಬೀಗ್ರೇ, ಅಲ್ಲೇ ಇರೋದು.”

“ಹಾಗಾದ್ರೆ ನಾನೂ ಬರ್ತೀನಿ. ಇಷ್ಟು ವಯಸ್ಸಾಯ್ತು, ಅದೊಂದು ನೋಡಿಲ್ಲ.”

ವಾಪಸು ಬರುವಾಗ ಮೆಟ್ರೋದಲ್ಲಿ ರತ್ನ ನನ್ನನ್ನು ತರಾಟೆಗೆ ತೆಗೆದುಕೊಂಡಳು. “ಹೆಣ್ಣಿನ ಕಡೆಯವ್ರು ಕಣ್ರೀ ನಾವು. ಮೊದಲನೇ ಸಲ ಊಟಕ್ ಬರ್ತಿದ್ದಾರೆ. ಮೀನು ಬೀಳ್ದೇ ಇದ್ರೆ ಬೀಗರ ಎಲೆಗೆ ಏನ್ ಬಡಿಸ್ಲಿ, ನಿಮ್ ಮಾತನ್ನಾ?”

“ಬೀಳತ್ತೆ.”

“ನಾನು ಹಿಂದಿನ ದಿನಾನೇ ಮಾರ್ಕೆಟ್ಟಿಂದ ತಂದು ಫ್ರಿಜ್ಜಲ್ಲಿ ಇಟ್ಟಿರ್ತೀನಿ.”

“ಇಟ್ಟೆ ಅಂದ್ರೆ ನಾನು ಕೆರೆಗೇ ಹೋಗಲ್ಲ!” ಎಂದುಬಿಟ್ಟೆ. ಮಾತು ಅಂದ ಮೇಲೆ ಮಾತು. ರತ್ನ ಕಿಟಕಿಯ ಕಡೆ ತಿರುಗಿದಳು. ಹೀಗೆ ನನ್ನ ಮರ್ಯಾದೆಯನ್ನು ನಾನೇ ಒಂದು ಕೊಕ್ಕೆಗೆ ಸಿಕ್ಕಿಸಿ ನೀರಿಗೆ ಬಿಟ್ಟುಕೊಂಡೆ.

ಮುಂದೆ ಬಂತು ಆಯುಧ ಪೂಜೆ. ನನ್ನ ಲೂರ್ ಡಬ್ಬಿಗಳನ್ನು ನಾನು ಬೇರೆಬೇರೆ ಕಡೆ ಅಡಗಿಸಿಟ್ಟಿದ್ದೆ. ಅವುಗಳಲ್ಲೊಂದು ಶೆಡ್ಡಿನ ಟೂಲ್ ಬೀರುವಿನಲ್ಲಿತ್ತು. ಅಲ್ಲಿಟ್ಟದ್ದೇ ನನ್ನ ತಪ್ಪು. ಏಕೆಂದರೆ ಆ ದಿನ ಟೂಲ್ ಬೀರುವಿನಲ್ಲಿ ಇರುವುದೆಲ್ಲ ಆಯುಧ. ಲೇತಿಗೆ ವಿಭೂತಿ, ಹೂವಿನ ಹಾರ. ಸುತ್ತಿಗೆ, ಸ್ಪ್ಯಾನರು, ವರ್ನಿಯರ್, ಅಳತೆ ಟೇಪು, ಕೊನೆಗೆ ನನ್ನ ಕನ್ನಡಕದ ಡಬ್ಬಿಗೂ ಅರಿಶಿನ ಕುಂಕುಮ. ರತ್ನಳ ಕೈ ಇಂಥ ವಿಷಯದಲ್ಲಿ ಭೇದ ಮಾಡುವುದಿಲ್ಲ. ನಾನು ಬೂದುಗುಂಬಳಕಾಯಿ ತರಲು ಹೋಗಿ ಬರುವಷ್ಟರಲ್ಲಿ ಡಬ್ಬಿ ತೆರೆದು, ಲೂರ್‌ಗಳನ್ನೆಲ್ಲ ಹಲಗೆಯ ಮೇಲೆ ಸಾಲಾಗಿ ಮಲಗಿಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟು ಮುಗಿಸಿದ್ದಳು.

“ಅಯ್ಯೋ! ಇದಕ್ಯಾಕೇ ಇಟ್ಟೆ?”

“ಟೂಲ್ ಬೀರುವಲ್ಲಿ ಇತ್ತಲ್ಲ. ಹಣೆ ಯಾವ ಕಡೆ ಅಂತ ಗೊತ್ತಾಗ್ಲಿಲ್ಲ, ಹೊಟ್ಟೆಗೂ ಇಟ್ಟೆ. ಇದೊಂದೇ ಡಬ್ಬಿ ತಾನೇ?”

“ಒಂದೇ” ಎಂದೆ. ಅವಳು ಮಂಗಳಾರತಿ ಎತ್ತಿದಳು.

ಮಾರನೆಯ ದಿನ ಸೋಪು ಹಾಕಿ ಉಜ್ಜಿದೆ. ಗಟ್ಟಿ ಪ್ಲಾಸ್ಟಿಕ್ಕಿನ ಲೂರ್‌ಗಳ ಕುಂಕುಮ ಹೋಯಿತು. ಕಪ್ಪು, ಕಂದು ಕಪ್ಪೆಗಳಲ್ಲಿ ಕಲೆ ಕಾಣಲಿಲ್ಲ. ಒಂದು ಬಿಳಿ ಕಪ್ಪೆ ಮಾತ್ರ ಹೊಟ್ಟೆಯ ತುಂಬ ಕೆಂಪು ಕುಡಿದು ಕೂತಿತ್ತು, ಮೆತ್ತನೆಯ ರಬ್ಬರ್ ಬಣ್ಣವನ್ನು ಒಳಗೇ ಎಳೆದುಕೊಂಡಿತ್ತು. ಹೋಗಲಿ ಎಂದು ಬಿಟ್ಟೆ. ಬೇರೆ ಯಾವುದೋ ಕೊಂಡಾಗ ಪುಕ್ಕಟೆಯಾಗಿ ಬಂದ ಕಪ್ಪೆ ಅದು. ನನ್ನ ಶಾಸ್ತ್ರದ ಪ್ರಕಾರ ಯಾವ ನೀರಿಗೂ, ಯಾವ ಮೋಡಕ್ಕೂ ಸಲ್ಲದ್ದು.

ಭಾನುವಾರ ಬೆಳಕು ಹರಿಯುವ ಮುಂಚೆಯೇ ಬೀಗರು ಗಂಜಿ ಹಾಕಿದ ಬಿಳಿ ಶರ್ಟು, ಮಂಕಿ ಟೋಪಿ ತೊಟ್ಟು ನಮ್ಮ ಗೇಟಿನಲ್ಲಿ ನಿಂತಿದ್ದರು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆಂಗೇರಿ ದಾಟಿ, ಎಡಕ್ಕೆ ಮಣ್ಣು ದಾರಿ ಹಿಡಿದು ಕೆರೆ ಸೇರಿದೆ. ಆ ಕೆರೆಯ ಮೀನಿನ ಗುತ್ತಿಗೆದಾರರು ನನ್ನ ಗಿರಾಕಿ, ಅವರ ಪಂಪಿನ ಶಾಫ್ಟ್ ಲೇತಿನಲ್ಲಿ ಕಡೆದುಕೊಡುವುದು ನಾನೇ. ಗಾಳಕ್ಕೆ ಅವರ ಒಪ್ಪಿಗೆ ಇತ್ತು. ಹಿಂದಿನ ಎರಡು ದಿನ ಮಳೆ ಹೊಡೆದಿತ್ತು. ನೀರು ನೋಡಿದೆ: ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪು! ಎದೆ ಡವಡವ ಎಂದಿತು, ಭಯಕ್ಕಲ್ಲ, ಖುಷಿಗೆ. ಕದಡಿದ ನೀರು, ಮೋಡ, ಜೊಂಡು. ಪ್ರಶ್ನೆಪತ್ರಿಕೆ ಪೂರ್ತಿ ನನಗೆ ಗೊತ್ತಿದ್ದದ್ದೇ!

ಕಪ್ಪು ಕಪ್ಪೆ ಹಾಕಿದೆ. ಇಲ್ಲ. ಗಿಲಕಿಯ ಕಪ್ಪೆ. ಇಲ್ಲ. ಕಪ್ಪು ಕುಚ್ಚಿನ ಕಂದು, ಅದಾದ ಮೇಲೆ ತಗಡಿನ ಚಮಚ, ರಬ್ಬರ್ ಮೀನು, ಮತ್ತೆ ಕಪ್ಪು. ಕೆರೆ ಮಲಗಿಯೇ ಇತ್ತು. ಈ ನಡುವೆ ಬೀಗತನದ ಕಷ್ಟ ಬೇರೆ. “ನೀವು ಕೂತ್ಕೊಳ್ಳಿ ಬೀಗ್ರೇ” ಎಂದು ನಾನು, “ನೀವು ನಿಂತಿರೋವಾಗ ನಾನ್ ಹೆಂಗ್ ಕೂರ್ಲಿ” ಎಂದು ಅವರು. ಹೀಗೆ ಇಬ್ಬರೂ ನಿಂತೇ ಇದ್ದೆವು. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಎರಡು ಮಾತು ಚುಚ್ಚಿರುತ್ತಿದ್ದರು, ನಾನೂ ತಿರುಗಿಸಿ ಅಂದು ಹಗುರಾಗುತ್ತಿದ್ದೆ. ಬೀಗರು ಚುಚ್ಚುವ ಹಾಗಿಲ್ಲ, ನಾನು ರೇಗುವ ಹಾಗಿಲ್ಲ. ಬಿಸಿಲು ಏರಿತು. ಮೊಬೈಲು ಗುಂಯ್‌ಗುಟ್ಟಿತು. ರತ್ನ.

“ಮಸಾಲೆ ರುಬ್ಬಿದೀನಿ. ಬಿತ್ತಾ?”

“ಬೀಳ್ತಾ ಇದೆ.”

“ಬೀಳ್ತಾ ಇದೆ ಅಂದ್ರೆ ಏನ್ರೀ? ಬಿದ್ದಿದೆ, ಇಲ್ಲಾ ಬಿದ್ದಿಲ್ಲ. ಬೀಗಿತ್ತಿ ಆಟೋ ಹತ್ತಿದ್ದಾರಂತೆ.”

ಮೊಬೈಲು ಜೇಬಿಗೆ ತುರುಕಿದೆ. ಆಗ ನಂಜಪ್ಪನವರು ಡಬ್ಬಿಯೊಳಗೆ ಬಗ್ಗಿ ನೋಡಿ, “ಇದ್ಯಾಕೆ ಹಾಕ್ಲಿಲ್ಲ?” ಎಂದರು. ಬಿಳಿ ಕಪ್ಪೆ.

“ಅದು ಈ ನೀರಿಗೆ ಅಲ್ಲ ಬೀಗ್ರೇ.”

“ಕುಂಕುಮ ಇಟ್ಟಿದ್ದಾರಲ್ಲ. ಪೂಜೆ ಆಗಿರೋ ಆಯುಧಾನ ಡಬ್ಬೀಲೇ ಇಡೋದಾ...” ಎಂದು, ಸಿಗ್ನಲ್ ಬಿದ್ದು ಹಸಿರಾದ ಮೇಲೆ, “ನಿಮ್ಮಿಷ್ಟ” ಎಂದು ಸೇರಿಸಿದರು.

ಬೀಗರು ‘ನಿಮ್ಮಿಷ್ಟ’ ಎಂದರೆ ಅಲ್ಲಿ ನಿಮ್ಮ ಇಷ್ಟಕ್ಕೆ ಜಾಗವಿಲ್ಲ ಎಂದರ್ಥ. ಮರ್ಯಾದೆಗೆ ಕಟ್ಟುಬಿದ್ದು ಬಿಳಿ ಕಪ್ಪೆ ಕಟ್ಟಿ, ಮನಸ್ಸಿಲ್ಲದ ಮನಸ್ಸಿನಿಂದ ಜೊಂಡಿನ ಸಂದಿಗೆ ಎಸೆದೆ. ಅದು ತಪ್ ಎಂದು ಬಿತ್ತು. ಒಂದು ಸಲ ಅಲುಗಿಸಿದೆ.

ಢಬ್!

ನೀರು ಒಡೆಯಿತು, ಕಪ್ಪು ತಲೆ ಕಂಡಿತು, ನನ್ನ ಜೀವ ಬಾಯಿಗೆ ಬಂತು, ಎಳೆದೆ. ಕಪ್ಪೆ ನೀರಿನಿಂದ ಚಿಮ್ಮಿ ಗಾಳಿಯಲ್ಲಿ ಹಾರಿ ಬೀಗರ ಗಂಜಿ ಹಾಕಿದ ಶರ್ಟಿಗೆ ಬಂದು ಅಪ್ಪಳಿಸಿತು. ಮೀನು ಬಾಯಿ ಮುಚ್ಚುವ ಮೊದಲೇ ಎಳೆದಿದ್ದೆ. ಲೂರ್ ಶಾಸ್ತ್ರದಲ್ಲಿ ಇದೊಂದು ಅಧ್ಯಾಯದಲ್ಲಿ ನಾನು ಯಾವಾಗಲೂ ಫೇಲು. ಕೊರವ ಮೇಲೆದ್ದು ಬಡಿದ ಕೂಡಲೇ ಎಳೆಯಬಾರದು, ಅದು ಕಪ್ಪೆಯನ್ನು ಬಾಯೊಳಗೆ ತೆಗೆದುಕೊಂಡು ತಿರುಗುವ ತನಕ ತಡೆಯಬೇಕು. ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ಆದರೆ ಆ ಢಬ್ ಕೇಳಿದಾಗ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ಮತ್ತೆ ಎಸೆದೆ. ಢಬ್! ಮತ್ತೆ ಎಳೆದೆ. ಕಪ್ಪೆ ಈ ಸಲ ಬೇಲಿಗೆ ಹೋಗಿ ನೇತಾಡಿತು. ನಾನು ಕುಣಿಯುತ್ತಿದ್ದೆ. “ಇದೆ ಬೀಗ್ರೇ! ಇದೆ! ದೊಡ್ಡದಿದೆ!” ಎಂದು ಕೂಗುತ್ತಿದ್ದೆ. ದಾರ ಸಿಕ್ಕುಬಿದ್ದು ನನ್ನ ಚಪ್ಪಲಿಯನ್ನೇ ಸುತ್ತಿಕೊಂಡಿತು. ನಾನು ಬಿಡಿಸಲು ಹೋದಷ್ಟೂ ಗಂಟು ಬಿಗಿಯಾಯಿತು. ನಂಜಪ್ಪನವರೇ ಬಗ್ಗಿ ಬಿಡಿಸಿದರು.

“ಬೀಗ್ರೇ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ.”

“ಹೇಳಿ.”

“ಸ್ಟಾಪಲ್ಲಿ ಒಬ್ಬರು ಫುಟ್‌ಬೋರ್ಡ್ ಮೇಲೆ ಕಾಲಿಟ್ಟಿರ್ತಾರೆ. ಕಾಲಿಟ್ರು ಅಂತ ಬಸ್ ಎತ್ತಿದ್ರೆ ಬೀಳ್ತಾರೆ. ಪೂರ್ತಿ ಒಳಗ್ ಬರ್ಲಿ... ಕಂಬಿ ಹಿಡ್ಕೊಳ್ಲಿ... ಆಮೇಲೆ.”

ನನಗೆ ನಗು ಬಂತು, ಅಳುವೂ ಬಂತು. ಬಿಟ್ಟುಕೊಡುವವನಲ್ಲ ನಾನು. ಲೇತಿನ ಮುಂದೆ ಯಾರಾದರೂ ನನ್ನನ್ನು ಪಕ್ಕಕ್ಕೆ ಸರಿಸಿದ್ದು ನೆನಪಿಲ್ಲ. ಆದರೆ ಅಡುಗೆಮನೆಯಲ್ಲಿ ರುಬ್ಬಿದ ಮಸಾಲೆ, ಆಟೋದಲ್ಲಿ ಬೀಗಿತ್ತಿ, ಖಾಲಿ ಫ್ರಿಜ್ಜು. ಗಾಳದ ರಾಡ್ ಅವರ ಕೈಗೆ ಕೊಟ್ಟೆ. ಎಸೆಯುವುದು ಮಾತ್ರ ನಾನೇ ಎಸೆದುಕೊಟ್ಟೆ.

ಅವರು ಕಪ್ಪೆಯನ್ನು ಎಳೆಯಲೇ ಇಲ್ಲ. ಅದನ್ನು ಅಲ್ಲಿ ನಿಲ್ಲಲು ಬಿಟ್ಟರು. ಕೆಂಪು ನೀರಿನ ಮೇಲೆ ಕೆಂಪು ಹೊಟ್ಟೆಯ ಕಪ್ಪೆ ಪ್ರಯಾಣಿಕರಿಗೆ ಕಾದ ಹಾಗೆ ಕಾಯಿತು. ಒಂದು ಸಲ ಅಲುಗಿಸಿದರು. ಢಬ್! “ಎಳೀರಿ! ಎಳೀರಿ!” ನಾನು ಅರಚಿದೆ. ಅವರು ನನ್ನ ಕಡೆ ತಿರುಗಿ ನೋಡಿದರು! ಅಂಥ ಹೊತ್ತಿನಲ್ಲಿ ತಿರುಗಿ ನೋಡುವ ಮನುಷ್ಯನನ್ನು ನಾನು ಕಂಡಿದ್ದು ಅವತ್ತೇ. ಆಮೇಲೆ ದಾರ ಪಕ್ಕಕ್ಕೆ ಸರಿಯಿತು, ಬಿಗಿಯಾಯಿತು, “ರೈಟ್” ಎಂದರು, ಎತ್ತಿದರು.

ರಾಡ್ ಬಿಲ್ಲಿನಂತೆ ಬಾಗಿತು. ನಾನು ಪ್ಯಾಂಟು ಮಡಿಸದೆ ನೀರಿಗಿಳಿದೆ. ಜೊಂಡಿನಿಂದ ಬಿಡಿಸಿ, ಕಿವಿರಿನ ಹಿಂದೆ ಹಿಡಿದು, ಎದೆಗೆ ಅವುಚಿಕೊಂಡು ದಡಕ್ಕೆ ತಂದೆ. ಮೊಳಕ್ಕಿಂತ ಉದ್ದದ ಕೊರವ! ಆಮೇಲೆ ಏನಾಯಿತು ಎಂದರೆ ಬೀಗರು ಬೀಗರನ್ನು ತಬ್ಬಿಕೊಂಡರು. ನಿಶ್ಚಿತಾರ್ಥದ ದಿನ ನಾವು ಬರೀ ಕೈ ಜೋಡಿಸಿದ್ದೆವು.

ಊಟದ ಹೊತ್ತಿಗೆ ನಮ್ಮ ಮನೆಯ ಮೆಟ್ಟಿಲವರೆಗೂ ಘಮ. ಮೊದಲ ತುತ್ತು ಬಾಯಿಗಿಟ್ಟು ಬೀಗಿತ್ತಿ ಕಣ್ಣು ಮುಚ್ಚಿದರು. “ನೀವೇ ಹಿಡಿದ್ರಂತೆ?” ಎಂದು ನನ್ನನ್ನು ಕೇಳಿದರು. ರತ್ನ ಬಡಿಸುತ್ತಿದ್ದ ಸೌಟು ನಿಂತಿತು. ನಾನು ನಿಜವನ್ನೇ ಹೇಳಿದೆ. “ಇಲ್ಲಮ್ಮ. ಎತ್ತಿದ್ದು ನಿಮ್ಮ ಯಜಮಾನ್ರು.”

ನಂಜಪ್ಪನವರು ನಿಧಾನವಾಗಿ ಒಂದು ಮುಳ್ಳು ಬಿಡಿಸಿದರು. “ನಂದೇನಿಲ್ಲ. ಆ ನೀರಿಗೆ ಆ ಕಪ್ಪೇನೇ ಸರಿ ಅಂತ ಆರಿಸಿದ್ದು ಇವ್ರು. ಅದೇನ್ ಲೆಕ್ಕ ಬೀಗ್ರೇ, ಕೆಂಪ್ ನೀರಿಗೆ ಕೆಂಪ್ ಹೊಟ್ಟೆ?”

ಆರಿಸಿದ್ದು ಅವರು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಆ ಮಾತು ಎಷ್ಟು ಚೆನ್ನಾಗಿ ತೇಲುತ್ತಾ ಬಂತೆಂದರೆ ನಾನು ಕೊರವದ ಹಾಗೆ ಮೇಲೆದ್ದು ಬಡಿದುಬಿಟ್ಟೆ. “ಅದು ಹಾಗಲ್ಲ ಬೀಗ್ರೇ, ಕದಡಿದ ನೀರಲ್ಲಿ ಏನಾಗತ್ತೆ ಅಂದ್ರೆ...” ಎಂದು ಶುರು ಮಾಡಿದೆ. ಬೆಳಗ್ಗೆಯವರೆಗೆ ಇಲ್ಲದ ಒಂದು ಹೊಸ ಶಾಸ್ತ್ರ ಅನ್ನದ ತಟ್ಟೆಯ ಮುಂದೆ ಹುಟ್ಟಿತು.

“ಬಾಯಲ್ಲಿ ಹೇಳಿದ್ರೆ ಹೆಂಗ್ ಗೊತ್ತಾಗತ್ತೆ ಅವ್ರಿಗೆ” ಎಂದಳು ರತ್ನ, ಬಹಳ ಮೆತ್ತಗೆ. “ತೋರ್ಸಿ. ಯಾವ ನೀರಿಗೆ ಯಾವ್ದು ಅಂತ.”

ಕೈ ತೊಳೆದು ಎದ್ದೆ. ಶೆಡ್ಡಿನ ಡಬ್ಬಿ ಹೇಗೂ ಕೈಯಲ್ಲೇ ಇತ್ತು. ತಿಳಿನೀರಿನ ಮಾತು ಬಂದಾಗ ಅಟ್ಟದ ಮೇಲಿನ ಹಳೇ ಕುಕ್ಕರ್‌ನೊಳಗಿದ್ದ ಡಬ್ಬಿ ತಂದೆ. ಗಾಳಿಯ ಮಾತಿಗೆ ಶೂ ಸ್ಟ್ಯಾಂಡಿನ ಹಿಂದಿನದು. ಮಧ್ಯಾಹ್ನದ ಬಿಸಿಲಿಗೆ ಸ್ಕೂಟರ್ ಸೀಟಿನ ಕೆಳಗಿನದು. ಬೀಗರು “ಓಹೋ” ಎನ್ನುತ್ತಿದ್ದರು, ಸುಮಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ನಾನು ಹಾರಾಡುತ್ತಿದ್ದೆ. ರತ್ನ ಮಾತ್ರ ಬಾಗಿಲಿಗೆ ಒರಗಿ ನಿಂತು, ಕೊನೆಯ ಡಬ್ಬಿ ಹೊರಗೆ ಬರಲಿ, ಕೊನೆಯ ಕಪ್ಪೆ ನೆಲದ ಮೇಲೆ ಕೂರಲಿ, ನಾನು ಪೂರ್ತಿ ಒಳಗೆ ಬಂದು ಕಂಬಿ ಹಿಡಿದುಕೊಳ್ಳಲಿ ಎಂದು ಕಾದಳು.

ಆಮೇಲೆ ಹಾಲಿನ ತುಂಬ ಹರಡಿದ್ದ ಕಪ್ಪೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ಹೇಳಿದಳು: “ಹಾಗಾದ್ರೆ ಬರೋ ವರ್ಷ ಆಯುಧ ಪೂಜೆಗೆ ಕುಂಕುಮ ಸ್ವಲ್ಪ ಜಾಸ್ತೀನೇ ತರ್ಬೇಕು.”